ಒಂದು ಅಗುಳಿನ ಸಾಕ್ಷ್ಯ

ಅನ್ನ ಬೆಂದಿತೇ ಇಲ್ಲವೇ ಎಂದು ತಿಳಿಯಲು ಯಾವ ಗೃಹಿಣಿಯೂ ಪಾತ್ರೆಯೊಳಗಿನ ಅಗುಳುಗಳನ್ನೆಲ್ಲ ಹಿಸುಕಿ ನೋಡುವುದಿಲ್ಲ. ಸೌಟಿಗೆ ಹತ್ತಿದ ಒಂದನ್ನು ತೆಗೆದು ಬೆರಳುಗಳ ನಡುವೆ ಒತ್ತುತ್ತಾಳೆ. ನಡುವೆ ಗಟ್ಟಿ ಉಳಿಯದಿದ್ದರೆ ಒಲೆ ಆರಿಸುತ್ತಾಳೆ. ಸಾವಿರ ಅಗುಳುಗಳ ಪರವಾಗಿ ಒಂದು ಅಗುಳು ಸಾಕ್ಷಿ ನುಡಿಯಿತು, ತೀರ್ಪೂ ಆಯಿತು. ಹಿಂದಿನ ಪಂಡಿತರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಇಂದಿನ ತರ್ಕಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಅನುಗಮನವೆಂದು ಹೆಸರು. ಕಂಡ ಕೆಲವನ್ನು ಆಧರಿಸಿ ಕಾಣದ ಹಲವನ್ನು ಕುರಿತು ಹೇಳುವುದೇ ಅದರ ಕೆಲಸ.

ತರ್ಕದಲ್ಲಿ ಇನ್ನೊಂದು ಬಗೆಯೂ ಉಂಟು, ನಿಗಮನ. ಅಲ್ಲಿ ಆಧಾರದ ಮಾತುಗಳು ನಿಜವಾಗಿದ್ದು ಹೆಜ್ಜೆ ಸರಿಯಾಗಿದ್ದರೆ ತೀರ್ಮಾನವೂ ನಿಜವಾಗಲೇ ಬೇಕು, ಗಣಿತದ ಲೆಕ್ಕದಂತೆ. ಅನುಗಮನಕ್ಕೆ ಆ ಭಾಗ್ಯವಿಲ್ಲ. ಆಧಾರಗಳೆಲ್ಲ ನಿಜವಾಗಿದ್ದರೂ ತೀರ್ಮಾನ ಸುಳ್ಳಾಗಬಹುದು. ಆದುದರಿಂದ ಅದನ್ನು ಸರಿ ತಪ್ಪು ಎಂದು ಎರಡೇ ಪೆಟ್ಟಿಗೆಗಳಲ್ಲಿ ಹಾಕಲು ಬರುವುದಿಲ್ಲ. ಅದಕ್ಕಿರುವುದು ಬಲ ಮಾತ್ರ. ಹೆಚ್ಚು ಬಲ, ಕಡಿಮೆ ಬಲ. ಸಂಸಾರ ನಡೆಯುವುದಾದರೂ ಈ ಬಲಾಬಲದ ಮೇಲೆಯೇ.

ಅಗುಳಿನ ಸಾಕ್ಷ್ಯಕ್ಕೆ ಅಷ್ಟು ಬಲ ಬಂದುದು ಎಲ್ಲಿಂದ? ಅಕ್ಕಿ ಒಂದೇ ಚೀಲದ್ದು, ನೀರು ಒಂದೇ, ಉರಿ ಒಂದೇ. ಕುದಿವ ನೀರು ಕಾಳುಗಳನ್ನು ಮೇಲೆ ಕೆಳಗೆ ಆಡಿಸಿದೆ. ಹಳೆಯ ಅಕ್ಕಿಗೆ ಹೊಸ ಅಕ್ಕಿ ಬೆರೆತ ದಿನ ಅದೇ ಅಡುಗೆಮನೆಯಲ್ಲಿ ಅದೇ ಪರೀಕ್ಷೆ ಕೈಕೊಡುತ್ತದೆ: ಒಂದು ಮುದ್ದೆಯಾಗಿರುತ್ತದೆ, ಮತ್ತೊಂದು ಹಲ್ಲಿಗೆ ಸಿಕ್ಕುತ್ತದೆ.

ಇದೇ ಪರೀಕ್ಷೆಯನ್ನು ಅಂಗಡಿಗೆ ಒಯ್ದು ನೋಡಬಹುದು. ಕಲಬುರಗಿ ಎಂದರೆ ತೊಗರಿಯ ಕಣಜ. ಡಿಸೆಂಬರ್ ಜನವರಿಯಲ್ಲಿ ರಾಶಿ ಮುಗಿದು ಹೊಸ ಕಾಳು ಪೇಟೆಗೆ ಬಂದಿತೆಂದರೆ ಖೂಬಾ ಪ್ಲಾಟಿನಂತಹ ಬಡಾವಣೆಗಳ ಮನೆಗಳಲ್ಲಿ ವರ್ಷದ ಬೇಳೆಯ ಮಾತು ಏಳುತ್ತದೆ. ಅಂಗಡಿಯಾತ ತೆರೆದ ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡುತ್ತಾನೆ. “ನೋಡ್ರಿ ಅಕ್ಕೋರೆ, ತಳದ ತನಕಾ ಹಿಂಗೇ ಅದ,” ಎನ್ನುತ್ತಾನೆ. ಬೇಳೆ ಹಳದಿಯಾಗಿ, ಇಡಿಯಾಗಿ, ಚೆನ್ನಾಗಿಯೇ ಇರುತ್ತದೆ. ಆದರೆ ಇದು ಅನ್ನದ ಅಗುಳಲ್ಲ. ಈ ಹಿಡಿಯನ್ನು ಕುದಿವ ನೀರು ಮೇಲೆ ತಂದದ್ದಲ್ಲ, ಮಾರುವವನ ಕೈ ಆರಿಸಿ ತಂದದ್ದು. ಆತ ಪ್ರಾಮಾಣಿಕನೇ ಇರಬಹುದು; ಆದರೂ ಮೇಲಿನ ಹಿಡಿ ತಳದ ಪರವಾಗಿ ಹೇಳಬಲ್ಲದ್ದು ಅಲ್ಪ. ಸಗಟು ಪೇಟೆಯಲ್ಲಿ ಪಳಗಿದವರು ಚೀಲದ ಬಾಯಿಯನ್ನು ನೋಡುವುದೇ ಇಲ್ಲ. ಮೊನಚಾದ ಕೊಳವೆಯನ್ನು ಚೀಲದ ಪಕ್ಕಕ್ಕೆ ಚುಚ್ಚಿ, ನಡುವಿನಿಂದ, ಬುಡದಿಂದ ಕಾಳು ತೆಗೆಯುತ್ತಾರೆ. ಒಂದಲ್ಲ, ಹಲವು ಚೀಲಗಳಿಂದ. ಹಿಡಿ ದೊಡ್ಡದಾಗಿರಬೇಕೆಂಬುದಕ್ಕಿಂತ ಆ ಹಿಡಿ ಯಾರು ಆರಿಸಿದ್ದು ಎಂಬುದು ಮುಖ್ಯವೆಂದು ಅವರಿಗೆ ಯಾವ ಪ್ರಾಧ್ಯಾಪಕರೂ ಕಲಿಸಬೇಕಾಗಿಲ್ಲ.

ಕಲಬುರಗಿಯ ತೊಗರಿ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಊರಿಗೆ ಹೆಮ್ಮೆಯ ಸಂಗತಿ. ಆದರೆ ಆ ಗುರುತು ಬೇಳೆ ಎಲ್ಲಿಯದೆಂದು ಹೇಳುತ್ತದೆ. ಚೀಲದಲ್ಲಿ ಎಷ್ಟು ದಿನದಿಂದ ಇತ್ತು, ಗೋದಾಮಿನ ಸೆಕೆಯಲ್ಲಿ ಗಡುಸಾಯಿತೇ ಎಂಬುದನ್ನು ಹೇಳುವುದಿಲ್ಲ. ಸಾಕ್ಷಿ ಸತ್ಯವಂತನಾಗಿದ್ದರೂ ಕೇಳಿದ ಪ್ರಶ್ನೆಗೆ ಉತ್ತರ ಅವನ ಬಳಿ ಇಲ್ಲದಿರಬಹುದು.

ಬೇಳೆ ಮನೆಗೆ ಬಂದ ಮೇಲೆ ಎರಡನೆಯ ಬಗೆಯ ಅನುಮಾನ ಆರಂಭವಾಗುತ್ತದೆ. ನೆರೆಮನೆಯಾಕೆ ಬೇಲಿಯಾಚೆಯಿಂದ ಎಚ್ಚರಿಸುತ್ತಾಳೆ: “ಆ ಅಂಗಡ್ಯಾಗ ಬ್ಯಾಳಿ ತರಬ್ಯಾಡ್ರಿ ವೈನಿ, ಎಷ್ಟ್ ಸೀಟಿ ಹೊಡಿಸಿದ್ರೂ ಕುದಿಯಂಗಿಲ್ಲ.” ಅಂಗಡಿ ಬದಲಾಯಿತು, ಬೇಳೆ ಬೇಯಲಿಲ್ಲ, ಆದುದರಿಂದ ತಪ್ಪು ಅಂಗಡಿಯದು. ಮೇಲುನೋಟಕ್ಕೆ ಸರಿಯೇ. ಆದರೆ ಬೇಸಿಗೆ ಬಂದು ನಲ್ಲಿಯ ನೀರು ಕಡಿಮೆಯಾಗಿ, ಆ ವಾರವೇ ಅಡುಗೆಗೂ ಕೊಳವೆಬಾವಿಯ ನೀರು ಬಳಸತೊಡಗಿದ್ದನ್ನು ಆಕೆ ಲೆಕ್ಕಕ್ಕೆ ಹಿಡಿದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾಳಿನ ಕೋಶಗಳನ್ನು ಬೆಸೆದಿರುವ ಪದಾರ್ಥದೊಡನೆ ಕೂಡಿ ಅದನ್ನು ಇನ್ನೂ ಬಿಗಿ ಮಾಡುತ್ತವೆ. ಬೇಳೆ ಬೇಗ ಕರಗದು. ಹಿರಿಯರು ಚಿಟಿಕೆ ಸೋಡಾ ಹಾಕುತ್ತಿದ್ದುದು ಸುಮ್ಮನೆ ಅಲ್ಲ.

ನ್ಯಾಯದರ್ಶನದ ಪಂಡಿತರು ಇಂತಹ ಮರೆಯಲ್ಲಿ ಅಡಗಿದ ಕಾರಣಕ್ಕೆ ‘ಉಪಾಧಿ’ ಎಂದರು. ಅವರ ಉದಾಹರಣೆಯೂ ಒಲೆಯ ಬಳಿಯದೇ. ಹೊಗೆಯಿದ್ದಲ್ಲಿ ಬೆಂಕಿ ಇದೆಯೆನ್ನುವುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇದೆಯೆಂದರೆ? ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ? ಹೊಗೆಗೆ ಕಾರಣ ಬರಿಯ ಬೆಂಕಿಯಲ್ಲ, ಹಸಿ ಸೌದೆ. ದಿನವೂ ಹಸಿ ಸೌದೆಯ ಒಲೆಯನ್ನೇ ನೋಡಿದವನಿಗೆ ಅದು ಹೊಳೆಯುವುದು ಕಷ್ಟ. ಚಾರ್ವಾಕರಂತೂ ಇನ್ನೂ ಮುಂದೆ ಹೋಗಿ, ಇಂತಹ ಉಪಾಧಿ ಎಲ್ಲಿಯೂ ಇಲ್ಲವೆಂದು ಕೊನೆಗೆ ಖಚಿತಪಡಿಸಿಕೊಳ್ಳುವುದು ಹೇಗೆ ಎಂದು ಕೇಳಿ ಅನುಮಾನ ಪ್ರಮಾಣದ ಬುಡಕ್ಕೇ ಕೈಹಾಕಿದರು. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಹೆಚ್ಚು ಕಡಮೆ ಇದೇ ಸಂದೇಹವನ್ನು ಎತ್ತಿ ಯುರೋಪನ್ನು ಕಂಗೆಡಿಸಿದ. ಆ ಸಂದೇಹಕ್ಕೆ ಪೂರ್ಣ ಸಮಾಧಾನ ಸಿಕ್ಕಿದೆಯೆಂದು ಇಂದಿಗೂ ಎಲ್ಲರೂ ಒಪ್ಪಿಲ್ಲ. ಅದಿರಲಿ, ಬೇಳೆಯ ವಿಷಯದಲ್ಲಿ ಮಾತ್ರ ಸಂದೇಹ ಕಳೆಯುವುದು ಅರ್ಧ ಗಂಟೆಯ ಕೆಲಸ. ಅದೇ ಬೇಳೆಯ ಎರಡು ಹಿಡಿ, ಒಂದಕ್ಕೆ ಕೊಳವೆಬಾವಿಯ ನೀರು, ಇನ್ನೊಂದಕ್ಕೆ ಶುದ್ಧೀಕರಿಸಿದ ಸಿಹಿನೀರು, ಎರಡಕ್ಕೂ ಅಷ್ಟೇ ಸೀಟಿ. ಎರಡೂ ಬೇಯದಿದ್ದರೆ ನೆರೆಯಾಕೆಯ ಮಾತಿಗೆ ಬಲ ಬಂದಂತೆ. ಒಂದು ಬೆಂದರೆ ಅಂಗಡಿಯಾತ ಬಿಡುಗಡೆ.

ತೊಗರಿ ಬೆಳೆಯುವವನ ಪಾಲಿಗೆ ಪ್ರಶ್ನೆ ಇಷ್ಟು ಹಗುರವಲ್ಲ. ನೆಟೆರೋಗ ಈ ಬೆಳೆಯ ಹಳೆಯ ಶತ್ರು. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನ ಮೂಲಕ ಹೊಕ್ಕು, ಹೂವಾಡುವ ಹೊತ್ತಿಗೆ ನಿಂತ ಗಿಡವನ್ನು ನಿಂತಂತೆಯೇ ಒಣಗಿಸುತ್ತದೆ. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ‘ಇಕ್ರಿಸ್ಯಾಟ್’ ಆರಿಸಿ ತೆಗೆದ, ನೆಟೆರೋಗವನ್ನು ತಡೆಯುವ ತಳಿಯೊಂದು ೧೯೮೬ರಲ್ಲಿ ಕರ್ನಾಟಕದಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಬಿಡುಗಡೆಯಾಯಿತು. ಕಲಬುರಗಿಯ ಎರೆಹೊಲಗಳಲ್ಲಿ ಅದು ಬಹಳ ಬೇಗ ಮನೆಮಾತಾಯಿತು. ಹತ್ತು ವರ್ಷ ಬಿತ್ತಿ ಹತ್ತು ವರ್ಷವೂ ಬೆಳೆ ಕಂಡವನು ಹನ್ನೊಂದನೆಯ ವರ್ಷ ಇನ್ನೇನನ್ನು ತಾನೆ ಬಿತ್ತಿಯಾನು? ಹತ್ತು ವರ್ಷದ ಸಾಕ್ಷ್ಯ ಹಗುರವಾದುದಲ್ಲ.

ಆದರೆ ಆ ಹತ್ತು ವರ್ಷಗಳೂ ಒಂದೇ ಕಡೆಗೆ ಬೆರಳು ಮಾಡುವ ಸಾಕ್ಷಿಗಳು. ಅದೇ ಹೊಲ, ಅದೇ ತಳಿ, ಶಿಲೀಂಧ್ರದ ಅದೇ ವಂಶ. ಈ ಶಿಲೀಂಧ್ರದಲ್ಲಿ ಹಲವು ಉಪಭೇದಗಳುಂಟೆಂದೂ ಒಂದನ್ನು ತಡೆದ ತಳಿ ಇನ್ನೊಂದಕ್ಕೆ ಸೋಲಬಹುದೆಂದೂ ಸಸ್ಯರೋಗಶಾಸ್ತ್ರಜ್ಞರು ಹೇಳುತ್ತಾರೆ. ವರ್ಷವರ್ಷವೂ ತೊಗರಿಯ ಮೇಲೆ ತೊಗರಿಯನ್ನೇ ಬಿತ್ತಿದರೆ ರೋಗದ ಬೀಜ ಮಣ್ಣಿನಲ್ಲಿ ಕೂಡುತ್ತಲೇ ಹೋಗುತ್ತದೆ. ಹೀಗಾಗಿ ಸಾಕ್ಷ್ಯ ಬೆಳೆದಂತೆ ಅಪಾಯವೂ ಒಳಗೊಳಗೆ ಬೆಳೆಯುತ್ತಿರುತ್ತದೆ. ೨೦೨೨ರ ಹಂಗಾಮಿನಲ್ಲಿ ಜಿಲ್ಲೆಯಲ್ಲಿ ನೆಟೆರೋಗ ವ್ಯಾಪಕವಾಗಿ ಹಬ್ಬಿ, ಕಾಯಿ ಕಟ್ಟುವ ಹೊತ್ತಿಗೆ ಹೊಲಗಳು ಒಣಗಿ ನಿಂತವು. ಹತ್ತು ವರ್ಷ ಒಂದೇ ಹೊಲದಲ್ಲಿ ಕಂಡದ್ದಕ್ಕಿಂತ, ಹತ್ತು ಬೇರೆ ಬೇರೆ ಹೊಲಗಳಲ್ಲಿ, ಬೇರೆ ಬೇರೆ ಮಣ್ಣು ಮಳೆಗಳಲ್ಲಿ ಎರಡೇ ವರ್ಷ ಕಂಡದ್ದು ಹೆಚ್ಚು ಬೆಲೆಯುಳ್ಳ ಸಾಕ್ಷ್ಯವಾಗಬಲ್ಲದು. ಕೃಷಿ ವಿಜ್ಞಾನಿಗಳು ಹೊಸ ತಳಿಯನ್ನು ಊರೂರಿನಲ್ಲಿ ಬಿತ್ತಿ ನೋಡುವುದು ಇದೇ ಕಾರಣಕ್ಕೆ.

ಬರ್ಟ್ರಂಡ್ ರಸೆಲ್ ೧೯೧೨ರ ತನ್ನ ಪುಟ್ಟ ತತ್ತ್ವಶಾಸ್ತ್ರದ ಪುಸ್ತಕದಲ್ಲಿ ಕೋಳಿಯೊಂದರ ಪ್ರಸಂಗವನ್ನು ತರುತ್ತಾನೆ. ದಿನವೂ ಕಾಳು ಹಾಕಿದ ಕೈಯೇ ಒಂದು ದಿನ ಅದರ ಕತ್ತು ಮುರಿಯುತ್ತದೆ. ಕೇಳಿದವರು ನಗುತ್ತಾರೆ. ಕಲಬುರಗಿಯಿಂದ ನೇರ ಗೆರೆಯಲ್ಲಿ ಅಳೆದರೆ ನೂರು ಕಿಲೊಮೀಟರಿಗೂ ಕಡಿಮೆ ದೂರದಲ್ಲಿರುವ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನು ನೆನೆದರೆ ನಗು ಬರುವುದಿಲ್ಲ.

ದಖ್ಖನ್ ಪ್ರಸ್ಥಭೂಮಿ ಅಲುಗಾಡದ ನೆಲ ಎಂಬುದು ಬರಿಯ ಹಳ್ಳಿಯ ನಂಬಿಕೆಯಾಗಿರಲಿಲ್ಲ. ಹಳೆಯ ಗಟ್ಟಿ ಬಂಡೆಗಳ ಈ ನಾಡನ್ನು ಭೂವಿಜ್ಞಾನಿಗಳೂ ಸ್ಥಿರವೆಂದೇ ಎಣಿಸಿದ್ದರು. ೧೯೬೭ರ ಡಿಸೆಂಬರಿನಲ್ಲಿ ಕೊಯ್ನಾ ನಡುಗಿದಾಗ ಬಹುಮಂದಿ ತಜ್ಞರು ಅಲ್ಲಿನ ಹೊಸ ಜಲಾಶಯದ ಕಡೆಗೆ ಬೆರಳು ತೋರಿಸಿದರು. ಉಳಿದ ಪ್ರಸ್ಥಭೂಮಿಯ ಮೇಲಿನ ಭರವಸೆಗೆ ಹೆಚ್ಚು ಧಕ್ಕೆ ಬರಲಿಲ್ಲ. ದೇಶದ ಭೂಕಂಪ ನಕ್ಷೆಯಲ್ಲಿ ಆಗ ಐದು ವಲಯಗಳಿದ್ದವು. ಕಿಲ್ಲಾರಿ ಇದ್ದುದು ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿ. ಅಲ್ಲಿನ ಮನೆಗಳ ಗೋಡೆ ಮಣ್ಣಿನಲ್ಲಿ ಜೋಡಿಸಿದ ಉರುಟು ಕಲ್ಲಿನದು. ಮೇಲೆ ಬಿಸಿಲನ್ನು ತಡೆಯಲು ದಪ್ಪನೆಯ ಮಣ್ಣಿನ ಮಾಳಿಗೆ. ಕಲಬುರಗಿ ಸೀಮೆಯ ಹಳ್ಳಿಗಳಿಗೂ ಈ ಕಟ್ಟಡ ಅಪರಿಚಿತವಲ್ಲ. ತಲೆಮಾರುಗಳು ಅಲ್ಲಿ ಮಲಗಿ ಎದ್ದಿದ್ದವು.

೧೯೯೨ರ ಕೊನೆಯ ತಿಂಗಳುಗಳಲ್ಲಿ ಕಿಲ್ಲಾರಿಯ ಸುತ್ತ ಸಣ್ಣ ಕಂಪನಗಳಾದವು. ಜನ ಅಂಜಿದರು. ಕಂಪನಗಳು ನಿಂತವು. ಏನೂ ಆಗಲಿಲ್ಲವಾದುದರಿಂದ ಇನ್ನೇನೂ ಆಗದು ಎಂಬ ಸಮಾಧಾನ ಮನುಷ್ಯನಿಗೆ ಸಹಜವೇ. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ೬ಕ್ಕೂ ಮೀರಿದ ಪ್ರಮಾಣದ ಭೂಕಂಪ ಸಂಭವಿಸಿತು. ಸುಮಾರು ಎಂಟರಿಂದ ಹತ್ತು ಸಾವಿರ ಜನ ಸತ್ತರು. ಬಹುಪಾಲು ಜನರನ್ನು ಕೊಂದದ್ದು ಆ ಕಲ್ಲಿನ ಗೋಡೆ, ಆ ಮಣ್ಣಿನ ಮಾಳಿಗೆ. ಕಲಬುರಗಿಯಲ್ಲಿಯೂ ಜನ ನಡುಕಕ್ಕೆ ಎಚ್ಚೆತ್ತು ಬೀದಿಗೆ ಬಂದರು.

ನೆಲವನ್ನು ಕುರಿತ ಈ ಅನುಮಾನ ಸೋತದ್ದೆಲ್ಲಿ? ಮನುಷ್ಯನ ನೆನಪು ನೂರು ವರ್ಷ, ಬರಹದ ದಾಖಲೆ ಕೆಲವು ನೂರು ವರ್ಷ. ಇಂತಹ ಒಳನಾಡಿನಲ್ಲಿ ದೊಡ್ಡ ಕಂಪನವೊಂದಕ್ಕೂ ಮತ್ತೊಂದಕ್ಕೂ ನಡುವೆ ಸಾವಿರಾರು ವರ್ಷಗಳು ಉರುಳಬಹುದು. ಸಂತೆ ಕೂಡುವುದು ಸೋಮವಾರವೊಂದೇ ಆಗಿದ್ದು, ಮಂಗಳವಾರ ಬುಧವಾರ ಬಂದು ನೋಡಿದವನು “ಈ ಊರಿಗೆ ಸಂತೆಯೇ ಇಲ್ಲ” ಎಂದಂತಾಯಿತು. ಕಂಡಿಲ್ಲ ಎಂಬುದಕ್ಕೆ ಬಲ ಬರುವುದು, ಇದ್ದಿದ್ದರೆ ಕಾಣುವಷ್ಟು ಹೊತ್ತು ಕಾದಿದ್ದಾಗ ಮಾತ್ರ. ನಕ್ಷೆ ಮಾಡಿದವರು ಪಾಠ ಕಲಿತರೆನ್ನಬೇಕು: ೨೦೦೨ರ ಪರಿಷ್ಕರಣೆಯಲ್ಲಿ ಮೊದಲನೆಯ ವಲಯವನ್ನೇ ತೆಗೆದುಹಾಕಲಾಯಿತು, ಕಿಲ್ಲಾರಿಯ ಸುತ್ತಣ ಪ್ರದೇಶ ಮೂರನೆಯ ವಲಯಕ್ಕೆ ಸೇರಿತು.

ಆರಿಸಿದ ಹಿಡಿಯ ದೋಷ ೨೦೨೦ರ ಮಾರ್ಚಿನಲ್ಲಿಯೂ ಕಾಣಿಸಿತು. ಕೊರೋನಾದಿಂದ ದೇಶದಲ್ಲಿ ದಾಖಲಾದ ಮೊದಲ ಸಾವು ಕಲಬುರಗಿಯಲ್ಲಿ ಆಯಿತು. ರೋಗ ಪರದೇಶದಿಂದ ಬಂದವರಿಗೆ ಮಾತ್ರ ಎಂದು ಧೈರ್ಯ ಹೇಳಿಕೊಂಡವರು ಬಹಳ. ಪಟ್ಟಿಯಲ್ಲಿ ಇದ್ದವರು ಹೆಚ್ಚಾಗಿ ಅಂಥವರೇ. ಆದರೆ ಆಗ ಪರೀಕ್ಷೆ ಮಾಡುತ್ತಿದ್ದುದೂ ಮುಖ್ಯವಾಗಿ ಅವರನ್ನು ಮತ್ತು ಅವರ ಸಂಪರ್ಕಕ್ಕೆ ಬಂದವರನ್ನೇ. ಚೀಲದ ಬಾಯಿಯ ಹಿಡಿ ಮತ್ತೊಮ್ಮೆ ಚೀಲದ ಪರವಾಗಿ ನುಡಿದಿತ್ತು.

ಇನ್ನು ೨೦೨೧ರ ಅಕ್ಟೋಬರ್. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲದೊಳಗಿನಿಂದ ಸದ್ದು, ಮೇಲಿಂದ ಮೇಲೆ ನಡುಕ. ೧೧ನೆಯ ತಾರೀಖಿನ ರಾತ್ರಿ ೪.೧ ಪ್ರಮಾಣದ ಕಂಪನವೇ ಆಯಿತು. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಕಿಲ್ಲಾರಿಯಲ್ಲಿಯೂ ಮೊದಲು ಸಣ್ಣವು ಬಂದು ಆಮೇಲೆ ದೊಡ್ಡದು ಬಂದಿತ್ತು. ಇಲ್ಲಿಯೂ ಹಾಗೆಯೇ ಆದೀತೆಂಬುದು ಅವರ ಭಯ.

ಹೋಲಿಕೆಯಿಂದ ಎತ್ತಿದ ಈ ಅನುಮಾನವನ್ನು ತೂಗಿದರೆ ಅದು ಬಲವಾದುದಲ್ಲ. ಆಧಾರಕ್ಕಿರುವುದು ಒಂದೇ ಪ್ರಸಂಗ. ಸಣ್ಣ ಕಂಪನಗಳ ಸರಣಿಗಳು ದೊಡ್ಡದೊಂದಕ್ಕೆ ದಾರಿ ಮಾಡದೆ ತಾವಾಗಿಯೇ ಅಡಗಿದ ಉದಾಹರಣೆಗಳು ಬಹಳವಿವೆ. ಅವುಗಳ ಹೆಸರು ಯಾರ ಬಾಯಲ್ಲಿಯೂ ಇಲ್ಲ, ಏಕೆಂದರೆ ಅಲ್ಲಿ ಯಾರೂ ಸಾಯಲಿಲ್ಲ. ಮಳೆಗಾಲದ ನೀರು ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು ಇಂತಹ ಸದ್ದು ನಡುಕಗಳಾಗಬಲ್ಲವೆಂಬ ವಿವರಣೆಯೂ ಕೇಳಿಬಂತು. ಇಷ್ಟೆಲ್ಲ ಇದ್ದರೂ ಬಯಲಿನಲ್ಲಿ ಮಲಗಿದವರನ್ನು ಅವಿವೇಕಿಗಳೆನ್ನಲಾಗದು. ಬೇಳೆಯ ಅನುಮಾನ ತಪ್ಪಿದರೆ ಹೋಗುವುದು ಒಂದು ಹೊತ್ತಿನ ಸಾರು. ಇಲ್ಲಿ ಅಂಜಿದ್ದು ತಪ್ಪಾದರೆ ಕೆಲವು ರಾತ್ರಿಯ ಚಳಿ, ಸೊಳ್ಳೆ. ಧೈರ್ಯ ತಪ್ಪಾದರೆ ಮಾಳಿಗೆ. ದುರ್ಬಲ ಸಾಕ್ಷ್ಯವೂ ಚಾಪೆಯನ್ನು ಅಂಗಳಕ್ಕೆ ಒಯ್ಯಲು ಸಾಕು. ಮನೆಮಠ ಮಾರಿ ಊರು ಬಿಡಲು ಸಾಲದು.

ಆ ಅಕ್ಟೋಬರಿನಲ್ಲಿ ದೊಡ್ಡ ಕಂಪನ ಬರಲಿಲ್ಲ. ಇಂತಹ ಕಡೆಗಳಲ್ಲಿ ಒಳಗೇ ಮಲಗಿದ್ದ ಯಜಮಾನನೊಬ್ಬ ಬೆಳಗ್ಗೆ ಮೀಸೆ ತಿರುವುತ್ತ, “ನಾ ಹೇಳಿದ್ದಿಲ್ಲೇನು, ಏನೂ ಆಗಂಗಿಲ್ಲಂತ?” ಎನ್ನುವುದುಂಟು. ಅವನ ಮಾತೇನೋ ನಿಜವಾಯಿತು. ಆದರೆ ಹಿಂದಿನ ವರ್ಷ ಕಿಲ್ಲಾರಿಯಲ್ಲಿಯೂ ಅದೇ ಮಾತು ಒಂದು ಚಳಿಗಾಲ, ಒಂದು ಬೇಸಿಗೆ, ಮುಕ್ಕಾಲು ಮಳೆಗಾಲ ನಿಜವಾಗಿಯೇ ಇತ್ತು.