ಮೈದಾನವೇ ಹಾಡಿದಾಗ

ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡು ಕಿವಿಗೆ ಇಂಪು. ಶ್ರುತಿ ಜಾರಿದರೆ ಮತ್ತೊಮ್ಮೆ ಹಾಡಿಸುತ್ತಾರೆ; ತಬಲಾ ಜೋರಾದರೆ ತಗ್ಗಿಸುತ್ತಾರೆ. ಆದರೆ ಸಾವಿರಾರು ಜನರೆದುರು ಹಾಡಿದ್ದನ್ನು ಅಲ್ಲೇ ಹಿಡಿದಿಟ್ಟ ಮುದ್ರಿಕೆಯ ರುಚಿಯೇ ಬೇರೆ. ಅಲ್ಲಿ ಚಪ್ಪಾಳೆ, ಸಿಳ್ಳೆ, ಗಾಯಕನ ಏದುಸಿರು ಎಲ್ಲವೂ ಹಾಡಿನ ಪಾಲುದಾರರೇ!

ಕನ್ನಡದಲ್ಲಿ ಇದಕ್ಕೆ ಉದಾಹರಣೆ ಬೇಕೆಂದರೆ 'ಕನ್ನಡವೇ ಸತ್ಯ' ಕೇಳಬೇಕು. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ನಡೆಸಿದ ಕಾರ್ಯಕ್ರಮವದು. ಭಾವಗೀತೆ ಎಂದರೆ ಪುಟ್ಟ ಸಭಾಂಗಣ, ಹಾರ್ಮೋನಿಯಂ, ನಾಲ್ಕು ಸಾಲು ಕುರ್ಚಿ ಎಂದುಕೊಂಡವರು ಬೆರಗಾಗುವಂತೆ ಜನಸಾಗರವೇ ಸೇರಿತ್ತು. ಸಿನಿಮಾ ತಾರೆಯರಿಗಾಗಿ ಅಲ್ಲ, ಕವಿತೆ ಕೇಳಲು!

ಅದೇ ಅರಮನೆ ಮೈದಾನಕ್ಕೆ ಎರಡು ವರ್ಷಗಳ ನಂತರ, 2007ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ 'ಐರನ್ ಮೇಡನ್' ತಂಡ ಬಂತು. ಕಪ್ಪು ಟೀ ಶರ್ಟಿನ ಹುಡುಗರು ಮೈದಾನ ತುಂಬಿದರು. ಮೆಟಲ್ ಸಂಗೀತವೆಂದರೆ ಬರೀ ಗದ್ದಲ ಎಂದು ಹಿರಿಯರು ಮೂಗು ಮುರಿಯುವುದುಂಟು. ಆದರೆ ಅದರ ಒಂದು ಕವಲಾದ 'ಪ್ರೋಗ್ರೆಸಿವ್ ಮೆಟಲ್' ಅನ್ನು ಸ್ವಲ್ಪ ತಾಳ್ಮೆಯಿಂದ ಕೇಳಿ ನೋಡಿ. ಇಪ್ಪತ್ತು ನಿಮಿಷಕ್ಕೂ ಮೀರುವ ರಚನೆಗಳು, ಏಳರ ಎಣಿಕೆ, ಐದರ ಎಣಿಕೆ. ಮಿಶ್ರಛಾಪು, ಖಂಡಛಾಪುಗಳಿಗೆ ತಲೆದೂಗುವ ನಮಗೆ ಈ ಲೆಕ್ಕ ಪೂರ್ತಿ ಪರಕೀಯವೇನಲ್ಲ.

ಈ ಬಗೆಯ ತಂಡಗಳಲ್ಲಿ ಹೆಸರಾದದ್ದು ಅಮೆರಿಕದ 'ಡ್ರೀಮ್ ಥಿಯೇಟರ್'. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು 1985ರಲ್ಲಿ ಕಟ್ಟಿದ ತಂಡವಿದು. ಅವರ 'ದಿ ಡ್ಯಾನ್ಸ್ ಆಫ್ ಎಟರ್ನಿಟಿ' ಎಂಬ ಸುಮಾರು ಆರು ನಿಮಿಷದ ವಾದ್ಯರಚನೆಯಲ್ಲಿ ನೂರಕ್ಕೂ ಹೆಚ್ಚು ಬಾರಿ ತಾಳ ಬದಲಾಗುತ್ತದೆ. ಸ್ಟುಡಿಯೋದಲ್ಲಿ ಇದನ್ನು ತುಂಡು ತುಂಡಾಗಿ ನುಡಿಸಿ ಜೋಡಿಸಬಹುದು. ಜನರೆದುರು? ಒಬ್ಬ ತಪ್ಪಿದರೆ ಎಲ್ಲರೂ ತಪ್ಪಿದಂತೆ. 2000ದ ಆಗಸ್ಟ್ 30ರಂದು ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಸಭಾಂಗಣದಲ್ಲಿ ತಂಡ ಈ ಪಂಥಕ್ಕಿಳಿಯಿತು. ಅಂದಿನ ಕಛೇರಿ 'ಲೈವ್ ಸೀನ್ಸ್ ಫ್ರಮ್ ನ್ಯೂಯಾರ್ಕ್' ಹೆಸರಿನಲ್ಲಿ ಮೂರು ಸಿ.ಡಿ.ಗಳಾಗಿ ಹೊರಬಂತು.

ಹೊರಬಂದ ದಿನ ಯಾವುದು ಗೊತ್ತೇ? 2001ರ ಸೆಪ್ಟೆಂಬರ್ 11! ಮುಖಪುಟದಲ್ಲಿ ಜ್ವಾಲೆಗಳ ನಡುವೆ ನ್ಯೂಯಾರ್ಕ್ ನಗರದ ಚಿತ್ರ, ಅದರಲ್ಲಿ ಅವಳಿ ಗೋಪುರಗಳು. ಅದೇ ಬೆಳಿಗ್ಗೆ ಆ ಗೋಪುರಗಳು ನಿಜವಾಗಿಯೂ ಉರಿದು ಕುಸಿದವು. ಆಲ್ಬಂ ಹಿಂದಕ್ಕೆ ಪಡೆದು, ಬೇರೆ ಮುಖಪುಟದೊಂದಿಗೆ ಮತ್ತೆ ಬಿಡುಗಡೆ ಮಾಡಬೇಕಾಯಿತು. ಬದಲಾದದ್ದು ಹೊದಿಕೆ ಮಾತ್ರ. ಒಳಗಿನ ಆ ರಾತ್ರಿ, ಇನ್ನೂ ಗಾಯಗೊಳ್ಳದ ಊರಿನ ಜನರ ಆ ಕೇಕೆ, ಹಾಗೆಯೇ ಉಳಿಯಿತು.

ಲೈವ್ ಎಂದು ಹೆಸರಿಟ್ಟು ಆಮೇಲೆ ಸ್ಟುಡಿಯೋದಲ್ಲಿ ತೇಪೆ ಹಾಕುವ ತಂಡಗಳೂ ಇವೆ, ನಿಜ. ಆದರೆ ಜನರ ದನಿಗೆ ತೇಪೆ ಹಾಕುವುದು ಸುಲಭವಲ್ಲ. ಅಶ್ವಥ್ ತಾರಸ್ಥಾಯಿಗೆ ಏರಿ ನಿಂತಾಗ ಕೇಳುಗರು ಹೋ ಎನ್ನುವ ಆ ಗಳಿಗೆಯನ್ನು ಯಾವ ಸ್ಟುಡಿಯೋ ತಾನೇ ಸೃಷ್ಟಿಸೀತು?

'ಕನ್ನಡವೇ ಸತ್ಯ' ಎಂಬ ಮಾತು ಕುವೆಂಪು ಅವರದು. ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು. ಅಶ್ವಥ್ ಹುಟ್ಟಿದ್ದೂ ಡಿಸೆಂಬರ್ 29, 1939ರಲ್ಲಿ. ಅವರು ಕಣ್ಮುಚ್ಚಿದ್ದು 2009ರಲ್ಲಿ, ಅದೂ ಡಿಸೆಂಬರ್ 29ರಂದೇ! ಕಾಕತಾಳೀಯ ಎನ್ನಿ, ಋಣಾನುಬಂಧ ಎನ್ನಿ.

ಕುವೆಂಪು 1994ರಲ್ಲೇ ತೀರಿಕೊಂಡಿದ್ದರು. ಮಲೆನಾಡಿನ ಕಾಡಿನ ಮೌನ ಉಂಡು ಬೆಳೆದ ಕವಿಯ ಮಾತು ಅಷ್ಟು ದೊಡ್ಡ ಮೈದಾನದಲ್ಲಿ ಮೊಳಗಿದ್ದನ್ನು ಅವರು ಕೇಳಲಿಲ್ಲ. ಹಾಡಿದವರೂ ಇಂದಿಲ್ಲ. ಅಂದು ಸೇರಿದ್ದ ಜನ ಎಲ್ಲೆಲ್ಲೋ ಚದುರಿದ್ದಾರೆ. ಉಳಿದಿರುವುದು ಆ ಮುದ್ರಿಕೆ. ಬರುವ ಡಿಸೆಂಬರ್ 29ರ ಸಂಜೆ ಅದನ್ನೊಮ್ಮೆ ಹಾಕಿ ಕೇಳಿ. ಹಾಡು ಮುಗಿದೊಡನೆ ನಿಲ್ಲಿಸಬೇಡಿ, ಚಪ್ಪಾಳೆಯೂ ಮುಗಿಯಲಿ.