ದೊಡ್ಡ ಅಂಗಡಿಗಳ ಬೀಗ ಎಷ್ಟು ಗಟ್ಟಿ?

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಳೆದ ಮಳೆಗಾಲದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಹೋಗಿ, ಬಾಣಸವಾಡಿಯಲ್ಲಿರುವ ಮಗಳ ಮನೆಯಲ್ಲಿ ಮೂರು ವಾರ ಇದ್ದರು. ಬಾಣಸವಾಡಿ ಈಗ ನಮ್ಮಲ್ಲಿ ಅನೇಕರಿಗೆ ಪರಿಚಯದ ಊರು. ತೋಟದ ಮನೆಗಳ ಮಕ್ಕಳು ಉದ್ಯೋಗಕ್ಕೆಂದು ಹೋಗಿ ಅಲ್ಲಿ, ಎಚ್.ಆರ್.ಬಿ.ಆರ್. ಬಡಾವಣೆಯಲ್ಲಿ, ಕಮ್ಮನಹಳ್ಳಿಯಲ್ಲಿ ಸಂಸಾರ ಹೂಡಿದ್ದಾರೆ. ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳಾದ್ದರಿಂದ ಅಕ್ಕಿ, ಬೇಳೆ, ಔಷಧಿ, ತರಕಾರಿ ಎಲ್ಲವೂ ಫೋನಿನ ಮೂಲಕವೇ ಬಾಗಿಲಿಗೆ ಬರುತ್ತದೆ.

ಒಂದು ಮಧ್ಯಾಹ್ನ ಮನೆಯಲ್ಲಿ ಅವರೊಬ್ಬರೇ ಇದ್ದಾಗ ಫೋನು ಬಂತು. ಮಾತನಾಡಿದವನು ಇವರ ಹೆಸರು, ಮನೆಯ ನಂಬರು, ಅಡ್ಡರಸ್ತೆ, ಹಿಂದಿನ ವಾರ ತರಿಸಿದ ಸಾಮಾನು, ಎಲ್ಲವನ್ನೂ ತಪ್ಪಿಲ್ಲದೆ ಹೇಳಿದ. "ನಿಮಗೆ ಹಣ ವಾಪಸು ಬರಬೇಕಾಗಿದೆ, ಫೋನಿಗೆ ಬರುವ ಅಂಕಿ ಓದಿ ಹೇಳಿ" ಎಂದ. ಇವರು ಓದಿ ಹೇಳಿದರು. ಅಡಿಕೆ ಮಾರಿ ಖಾತೆಯಲ್ಲಿಟ್ಟಿದ್ದ ಹಣದಲ್ಲಿ 48,000 ರೂಪಾಯಿ ಹೋಯಿತು. ಸಂಜೆಗೆ ಮುಂಚೆಯೇ ಮಗಳು ಬಂದು 1930ಕ್ಕೆ ದೂರು ಕೊಟ್ಟದ್ದರಿಂದ ಅದರಲ್ಲಿ ಒಂದು ಭಾಗ ಮಾತ್ರ ತಡೆಹಿಡಿಯಲ್ಪಟ್ಟಿತು.

"ನಾನು ದಡ್ಡನಲ್ಲ. ಅವನಿಗೆ ಮನೆ ವಿಳಾಸ ಗೊತ್ತಿತ್ತಲ್ಲ, ಅದಕ್ಕೇ ನಂಬಿದೆ" ಎಂದು ಅವರು ನಮ್ಮ ಕಚೇರಿಗೆ ಬಂದು ಹೇಳಿದರು. ವಿವರ ಯಾವ ಸಂಸ್ಥೆಯಿಂದ ಸೋರಿತೆಂಬುದಕ್ಕೆ ಪುರಾವೆ ಇಲ್ಲದ್ದರಿಂದ ಯಾರ ಹೆಸರನ್ನೂ ನಾವು ಎತ್ತುವುದಿಲ್ಲ. ಮುಂದೆ ಹೆಸರಿಸಿರುವ ಸಂಸ್ಥೆಗಳನ್ನು ಈ ಪ್ರಸಂಗಕ್ಕೆ ಜೋಡಿಸಬಾರದೆಂದು ವಾಚಕರಲ್ಲಿ ವಿನಂತಿ. ಆದರೆ ಅವರು ಕೇಳಿದ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ: "ಅಡಿಕೆ, ಕಾಫಿ ದರದ ಪಟ್ಟಿ ಹಾಕುತ್ತೀರಿ. ಯಾವ ಕಂಪೆನಿಯ ಬೀಗ ಗಟ್ಟಿ, ಯಾವುದು ಸಡಿಲ ಎಂದು ಅದೇ ರೀತಿ ಒಂದು ಪಟ್ಟಿ ಹಾಕಬಾರದೆ?"

ಪಟ್ಟಿ ಹಾಕಲು ಕುಳಿತಾಗ ನಮಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಒಂದೇ ಊರು, ಒಂದೇ ವರ್ಷ, ಮೂರು ಕಂಪೆನಿ

ಹೋಲಿಸಿ ನೋಡಲು ದೂರ ಹೋಗಬೇಕಾಗಿಲ್ಲ. 2020ನೆಯ ಇಸವಿ ಒಂದರಲ್ಲೇ ಬೆಂಗಳೂರಿನ ಮೂರು ದೊಡ್ಡ ಕಂಪೆನಿಗಳಿಂದ ಗಿರಾಕಿಗಳ ವಿವರ ಕಳವಾದದ್ದು ಬಹಿರಂಗಕ್ಕೆ ಬಂದಿದೆ.

ಮೊದಲನೆಯದು ಪಾಠ ಹೇಳುವ ಅನ್‌ಅಕಾಡೆಮಿ. ಇಲ್ಲಿ ಸುಮಾರು 2.2 ಕೋಟಿ ಖಾತೆಗಳ ವಿವರ 2,000 ಡಾಲರಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿಗೆ, ಇಂಟರ್‌ನೆಟ್ಟಿನ ಕಳ್ಳಸಂತೆಯಲ್ಲಿ ಮಾರಾಟಕ್ಕಿದೆಯೆಂದು ಸೈಬಲ್ ಎಂಬ ಸಂಸ್ಥೆ 2020ರ ಮೇ ತಿಂಗಳಲ್ಲಿ ತಿಳಿಸಿತು. ಬಾಧಿತರು ಸುಮಾರು 1.1 ಕೋಟಿ ಮಂದಿ ಎಂದು ಕಂಪೆನಿ ಹೇಳಿತು.

ಎರಡನೆಯದು ದಿನಸಿ ಮಾರುವ ಬಿಗ್‌ಬಾಸ್ಕೆಟ್. ಸುಮಾರು 2 ಕೋಟಿ ಗಿರಾಕಿಗಳ ಹೆಸರು, ಫೋನು, ವಿಳಾಸ, ಪುಡಿಗಟ್ಟಿದ ಪಾಸ್‌ವರ್ಡು ಮುಂತಾದವು ಸುಮಾರು 30 ಲಕ್ಷ ರೂಪಾಯಿಗೆ ಮಾರಾಟಕ್ಕಿದ್ದುದನ್ನು ಅದೇ ಸೈಬಲ್ 2020ರ ಅಕ್ಟೋಬರ್ ಕೊನೆಯಲ್ಲಿ ಪತ್ತೆ ಮಾಡಿತು. ಕಂಪೆನಿ ಬೆಂಗಳೂರು ಸೈಬರ್ ಅಪರಾಧ ಪೋಲೀಸರಿಗೆ ದೂರಿತ್ತಿತು. 2021ರ ಏಪ್ರಿಲ್‌ನಲ್ಲಿ ಅದೇ ಮಾಹಿತಿ ಪುಕ್ಕಟೆಯಾಗಿ ಹಂಚಲ್ಪಟ್ಟಿತು.

ಮೂರನೆಯದು ಜಸ್‌ಪೇ. ಈ ಹೆಸರನ್ನು ನಮ್ಮ ವಾಚಕರಲ್ಲಿ ಹೆಚ್ಚಿನವರು ಕೇಳಿರಲಾರರು. ದೊಡ್ಡ ಅಂಗಡಿಗಳ ಪರವಾಗಿ ಹಿಂದಿನ ಕೋಣೆಯಲ್ಲಿ ಕುಳಿತು ಹಣ ಪಾವತಿಯ ಕೆಲಸ ಮಾಡುವ ಸಂಸ್ಥೆಯಿದು. 2020ರ ಆಗಸ್ಟ್ 18ರಂದು ಅಲ್ಲಿಗೆ ಕಳ್ಳರು ಹೊಕ್ಕರು. ಕೆಲವು ಅಂಕಿಗಳನ್ನು ಮರೆಮಾಡಿದ ಸುಮಾರು 3.5 ಕೋಟಿ ಕಾರ್ಡು ದಾಖಲೆಗಳು ಹೋದುವೆಂದು ಕಂಪೆನಿ ಒಪ್ಪಿತು. ಬದಲಿಸದೆ ಬಿಟ್ಟಿದ್ದ ಹಳೆಯ ಕೀಲಿಯೊಂದು ಕಳ್ಳರ ಕೈಗೆ ಸಿಕ್ಕಿದ್ದೇ ಕಾರಣವಾಗಿತ್ತು. ತನ್ನ ಮೂಲಕ ಹಣ ಪಡೆಯುವ ವ್ಯಾಪಾರಿಗಳಿಗೆ ಅಂದೇ ತಿಳಿಸಿದೆನೆಂದು ಕಂಪೆನಿ ಹೇಳಿತು. ಜನಸಾಮಾನ್ಯರಿಗೆ ಗೊತ್ತಾದದ್ದು 2021ರ ಜನವರಿಯಲ್ಲಿ.

ಇಲ್ಲೊಂದು ಲೆಕ್ಕ ಮಾಡಿ ನೋಡೋಣ. ದಿನಸಿ ಗಿರಾಕಿಯೊಬ್ಬನ ವಿವರಕ್ಕೆ ಕಳ್ಳಸಂತೆಯ ದರ ಸುಮಾರು 15 ಪೈಸೆ. ಪಾಠ ಕಲಿಯುವವನ ವಿವರಕ್ಕೆ ಒಂದು ಪೈಸೆಗಿಂತಲೂ ಕಡಿಮೆ. ಮನೆ ವಿಳಾಸವಿರುವ ಮಾಲಿಗೆ ಬೆಲೆ ಹೆಚ್ಚು. ಆ ವಿಳಾಸದ ಬಲದಿಂದಲೇ ಬಾಣಸವಾಡಿಯಲ್ಲಿ 48,000 ರೂಪಾಯಿ ಎಗರಿಸಲು ಸಾಧ್ಯವಾದದ್ದು.

ಕೇಳಬೇಕಾದ ನಾಲ್ಕು ಪ್ರಶ್ನೆ

ಈ ಮೂವರಲ್ಲಿ ಯಾರು ಉತ್ತಮ? ಕಳವಾದ ತಲೆಗಳ ಎಣಿಕೆಯಿಂದ ಅದು ನಿರ್ಧಾರವಾಗದು. ಕಳ್ಳತನ ಆಗದ ಮನೆಯೆಲ್ಲ ಭದ್ರವಾದ ಮನೆಯೆಂದೂ ಅಲ್ಲ. ಈ ಕೆಳಗಿನ ನಾಲ್ಕು ಪ್ರಶ್ನೆಗಳನ್ನು ಹಾಕಿದರೆ ವ್ಯತ್ಯಾಸ ಕಾಣುತ್ತದೆ.

1. ಏನನ್ನು ಕೂಡಿಟ್ಟಿದ್ದಾರೆ? ಉಗ್ರಾಣದಲ್ಲಿ ಇಲ್ಲದ ಮಾಲನ್ನು ಯಾರೂ ಕದಿಯಲಾರರು. ಬಿಗ್‌ಬಾಸ್ಕೆಟ್ ಕಾರ್ಡಿನ ನಂಬರು ಮುಂತಾದ ಹಣದ ವಿವರ ಇಟ್ಟುಕೊಂಡಿರಲಿಲ್ಲವಾದ್ದರಿಂದ ಅವು ಹೋಗಲಿಲ್ಲವೆಂದು ಹೇಳಿಕೆ ಕೊಟ್ಟಿತು. 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಗಿರಾಕಿಯ ಕಾರ್ಡಿನ ಪೂರ್ತಿ ನಂಬರನ್ನು ಕೂಡಿಡಕೂಡದೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿದ್ದೂ ಇದೇ ತತ್ವದಿಂದ.

2. ಇಟ್ಟದ್ದನ್ನು ಹೇಗೆ ಇಟ್ಟಿದ್ದಾರೆ? ಪಾಸ್‌ವರ್ಡನ್ನು ಇದ್ದ ಹಾಗೆ ಬರೆದಿಡದೆ, ಒಂದು ಗಣಿತಕ್ರಮದಿಂದ ಪುಡಿ ಮಾಡಿ ಇಡುವುದು ರೂಢಿ. ಕಾಫಿ ಪುಡಿಯನ್ನು ಪುನಃ ಬೀಜ ಮಾಡಲಾಗದಂತೆ ಇದನ್ನೂ ಹಿಂದಕ್ಕೆ ತರಲಾಗದು. ಆದರೆ ಕಳ್ಳನು ಸಾಮಾನ್ಯ ಪದಗಳನ್ನೆಲ್ಲ ತಾನೇ ಪುಡಿ ಮಾಡಿ, ಯಾವುದಕ್ಕೆ ಯಾವುದು ಹೊಂದುತ್ತದೆಂದು ಹೋಲಿಸಬಲ್ಲ. ಬಿಗ್‌ಬಾಸ್ಕೆಟ್ಟಿನ ಸೋರಿದ ದಾಖಲೆಯಲ್ಲಿದ್ದುದು ಎಸ್.ಎಚ್.ಎ.-1 ಎಂಬ ಹಳೆಯ, ವೇಗದ ಗಿರಣಿ. ಈಗಿನ ಯಂತ್ರಗಳು ಅದರಲ್ಲಿ ಕ್ಷಣಕ್ಕೆ ಕೋಟಿಗಟ್ಟಲೆ ಪದ ಪುಡಿ ಮಾಡುತ್ತವೆ. ಅನ್‌ಅಕಾಡೆಮಿ ಬಳಸಿದ್ದು ಪಿ.ಬಿ.ಕೆ.ಡಿ.ಎಫ್.2 ಎಂಬ, ಬೇಕೆಂದೇ ನಿಧಾನ ಮಾಡಿದ ಗಿರಣಿ. ಎರಡೂ ಕಡೆ ಕಳವಾದವರ ಸಂಖ್ಯೆ ಹೆಚ್ಚುಕಡಮೆ ಸಮವಿದ್ದರೂ, ಸುಲಭದ ಪಾಸ್‌ವರ್ಡು ಇಟ್ಟವನಿಗೆ ಅಪಾಯ ಮೊದಲನೆಯದರಲ್ಲಿ ಹೆಚ್ಚು.

3. ಕೀಲಿ ಇನ್ನು ಯಾರ ಬಳಿ ಇದೆ? ಜಸ್‌ಪೇ ಪ್ರಕರಣ ಕಲಿಸುವುದು ಇದನ್ನು. ನಾವು ವ್ಯವಹರಿಸುವುದು ಒಬ್ಬರಲ್ಲಿ, ವಿವರ ಇರುವುದು ನಾಲ್ಕು ಜನರಲ್ಲಿ.

4. ಆದ ಮೇಲೆ ಎಷ್ಟು ಬೇಗ ಹೇಳಿದರು, ಎಷ್ಟು ಬೇಗ ಬಾಗಿಲು ಹಾಕಿದರು? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲುಂಟು. ಈ ಕಳ್ಳತನದಲ್ಲಿ ಮಾತ್ರ ತಡವಾಗಿ ಹಾಕಿದ ದಿಡ್ಡಿ ಬಾಗಿಲಿಗೂ ಬೆಲೆಯಿದೆ. ಗಿರಾಕಿಗೆ ಆ ದಿನವೇ ಗೊತ್ತಾದರೆ ಅವನು ಪಾಸ್‌ವರ್ಡು ಬದಲಿಸಿಯಾನು, ಅಪರಿಚಿತರ ಕರೆಗೆ ಎಚ್ಚರವಿದ್ದಾನು.

ನೆರೆಯ ತೋಟದ ಹುಳು

ಮೂರನೆಯ ಪ್ರಶ್ನೆಯನ್ನು ಸಹಕಾರಿಗಳಾದ ನಾವು ವಿಶೇಷವಾಗಿ ಗಮನಿಸಬೇಕಾಗಿದೆ. 2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಫೋನು ಪಾವತಿ, ಎ.ಟಿ.ಎಂ. ವ್ಯವಹಾರ ಅಡಚಣೆಗೊಂಡವು. ಅವುಗಳಲ್ಲಿ ಹೆಚ್ಚಿನವು ಸಹಕಾರಿ ಬ್ಯಾಂಕುಗಳು ಮತ್ತು ಗ್ರಾಮೀಣ ಬ್ಯಾಂಕುಗಳು. ಆ ಬ್ಯಾಂಕುಗಳಲ್ಲಿ ಕಳ್ಳರು ಹೊಕ್ಕಿರಲಿಲ್ಲ. ಅವೆಲ್ಲಕ್ಕೂ ಗಣಕಯಂತ್ರದ ಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಒಂದೇ ಸಂಸ್ಥೆಗೆ ದಾಳಿ ತಗಲಿದ್ದರಿಂದ, ರಾಷ್ಟ್ರೀಯ ಪಾವತಿ ನಿಗಮವು ರೋಗ ಹರಡದಂತೆ ಅದರ ಸಂಪರ್ಕವನ್ನು ಕಡಿದುಹಾಕಿತು. ಮಾರನೆಯ ದಿನ ಸೇವೆ ಪುನಃ ಆರಂಭವಾಯಿತು.

ಕಾಯಿಕೊರಕ ಹುಳುವಿನ ಅನುಭವವುಳ್ಳ ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ತೋಟದಲ್ಲಿ ಉದುರಿದ ಹಣ್ಣನ್ನು ಎಷ್ಟೇ ಹೆಕ್ಕಿದರೂ, ನೆರೆಯವನು ಹೆಕ್ಕದಿದ್ದರೆ ಮುಂದಿನ ವರ್ಷ ಹುಳು ನಮ್ಮ ಗಿಡದಲ್ಲೇ.

ಬಿಲಾತಿಯ ಎರಡು ಅಂಗಡಿಗಳು

ನಾಲ್ಕನೆಯ ಪ್ರಶ್ನೆಗೆ ಒಳ್ಳೆಯ ಉದಾಹರಣೆ 2025ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ಒಂದು, ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂಬ ಪ್ರಸಿದ್ಧ ಕಂಪೆನಿ. ಇನ್ನೊಂದು, 1844ರ ರಾಚ್‌ಡೇಲ್ ಪಥದರ್ಶಕರ ಪರಂಪರೆಗೆ ಸೇರಿದ, ಸದಸ್ಯರದೇ ಆದ ಕೋ-ಆಪ್ ಗ್ರೂಪ್. ಒಂದೇ ತಿಂಗಳಲ್ಲಿ ಎರಡಕ್ಕೂ ದಾಳಿಯಾಯಿತು. ಎರಡೂ ಕಡೆ ಕಳ್ಳರು ನಂಬಿಕಸ್ತರಂತೆ ನಟಿಸಿ ಒಳಹೊಕ್ಕರು. ಬಾಣಸವಾಡಿಯ ಫೋನು ಕರೆಗೂ ಇದಕ್ಕೂ ತತ್ವದಲ್ಲಿ ಭೇದವಿಲ್ಲ.

ಮಾರ್ಕ್ಸ್ ಅಂಡ್ ಸ್ಪೆನ್ಸರ್ ಏಪ್ರಿಲ್ 25ರಿಂದ ಜೂನ್ 10ರವರೆಗೆ ಆನ್‌ಲೈನ್ ಮಾರಾಟ ನಿಲ್ಲಿಸಬೇಕಾಯಿತು. ಲಾಭದಲ್ಲಿ ಸುಮಾರು 30 ಕೋಟಿ ಪೌಂಡು ಖೋತಾ ಆಗಬಹುದೆಂದು ಅಂದಾಜು ಮಾಡಿತು. ಕೋ-ಆಪ್ ಸಂಸ್ಥೆ ಅಪಾಯ ಕಂಡೊಡನೆ ತನ್ನ ಯಂತ್ರವ್ಯವಸ್ಥೆಯ ಭಾಗಗಳನ್ನು ತಾನೇ ಬಂದ್ ಮಾಡಿತು. ಕೆಲವು ಕಾಲ ಅಂಗಡಿಗಳ ಕಪಾಟು ಖಾಲಿಯಾಯಿತು, 20.6 ಕೋಟಿ ಪೌಂಡಿನ ಮಾರಾಟ ತಪ್ಪಿತು. ಆದರೆ ಯಂತ್ರಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಕಳ್ಳರ ಆಟ ಅಲ್ಲಿ ಪೂರ್ತಿಯಾಗಲಿಲ್ಲ.

ಹಾಗೆಂದು ಸಹಕಾರಿ ಸಂಸ್ಥೆ ಗೆದ್ದಿತೆಂದು ನಾವು ಬೀಗುವಂತಿಲ್ಲ. ಅದರ 65 ಲಕ್ಷ ಸದಸ್ಯರ ಹೆಸರು, ವಿಳಾಸ ಇತ್ಯಾದಿ ಅಷ್ಟರಲ್ಲೇ ಹೋಗಿದ್ದವು. ಒಬ್ಬ ಸದಸ್ಯನೂ ಉಳಿಯಲಿಲ್ಲವೆಂದು ಅದರ ಮುಖ್ಯಾಧಿಕಾರಿಯೇ 2025ರ ಜುಲೈಯಲ್ಲಿ ಒಪ್ಪಿ ಸದಸ್ಯರ ಕ್ಷಮೆ ಕೇಳಿದರು. ಬಾಗಿಲು ಬೇಗ ಹಾಕಿದ್ದರಿಂದ ಅಂಗಡಿ ಉಳಿಯಿತು, ಸದಸ್ಯರ ವಿವರ ಉಳಿಯಲಿಲ್ಲ.

ದರ್ಜೆ ಕೊಡುವವರು ಮತ್ತು ಕಾನೂನು

ಕಂಪೆನಿಗಳ ಭದ್ರತೆಗೆ ಅಂಕ ಕೊಡುವ ಸಂಸ್ಥೆಗಳೂ ಪರದೇಶದಲ್ಲಿವೆ. ಬಿಟ್‌ಸೈಟ್ ಎಂಬುದು 250ರಿಂದ 900ರವರೆಗೆ ಅಂಕ ಕೊಡುತ್ತದೆ, ಸೆಕ್ಯೂರಿಟಿ ಸ್ಕೋರ್‌ಕಾರ್ಡ್ ಎಂಬುದು ಶಾಲೆಯಂತೆ ಎ, ಬಿ, ಸಿ ದರ್ಜೆ ಕೊಡುತ್ತದೆ. ದೊಡ್ಡ ವ್ಯಾಪಾರಿಗಳು ಇನ್ನೊಬ್ಬರೊಡನೆ ಕರಾರು ಮಾಡಿಕೊಳ್ಳುವ ಮುಂಚೆ ಇವನ್ನು ನೋಡುತ್ತಾರೆ. ಉಪಯೋಗವಿಲ್ಲವೆನ್ನಲಾಗದು. ಆದರೆ ಈ ಅಂಕಗಳು ಬಹುಮಟ್ಟಿಗೆ ರಸ್ತೆಯಲ್ಲಿ ನಿಂತು ಬೇಲಿ ನೋಡಿ ಕೊಟ್ಟವು. ಅಡಿಕೆಯನ್ನು ಹೊರಗಿನಿಂದ ನೋಡಿ ರಾಶಿಗೆ ಸೇರಿಸಬಹುದು, ಒಳಗಿನ ಮಾತು ಕತ್ತರಿಸಿದಾಗಲೇ ತಿಳಿಯುವುದು. ನಮ್ಮ ಹಿರಿಯರು ಕೇಳಿದ ದರಪಟ್ಟಿಯನ್ನು ನಾವು ಹಾಕದಿರಲು ಇದೇ ಕಾರಣ.

ಕಾನೂನಿನ ಕಡೆಯಿಂದ ಸ್ವಲ್ಪ ಬಲ ಬಂದಿದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸರ್ಟ್-ಇನ್ ಸಂಸ್ಥೆಯು ಇಂತಹ ಘಟನೆಗಳನ್ನು 6 ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು ಆದೇಶಿಸಿತು. ಅದು ಸರಕಾರಕ್ಕೆ ಕೊಡುವ ವರದಿಯೇ ಹೊರತು ಗಿರಾಕಿಗೆ ಅಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಬಾಧಿತನಾದ ಪ್ರತಿಯೊಬ್ಬನಿಗೂ ತಿಳಿಸಬೇಕೆನ್ನುತ್ತದೆ. ಗುತ್ತಿಗೆದಾರನ ಕೈಯಿಂದ ಸೋರಿದರೂ ಮೂಲ ಕಂಪೆನಿಯೇ ಹೊಣೆಯೆನ್ನುತ್ತದೆ. ತಕ್ಕ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು.

ಸದಸ್ಯರು ಗಮನಿಸಬೇಕಾದ್ದು

ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಇದಕ್ಕೂ ಅದೇ ಕ್ರಮ.

ನಮ್ಮ ಹೆಸರು, ವಿಳಾಸ, ತರಿಸಿದ ಸಾಮಾನು ಗೊತ್ತಿದ್ದ ಮಾತ್ರಕ್ಕೆ ಕರೆ ಮಾಡಿದವನು ಕಂಪೆನಿಯವನಲ್ಲ. ಆ ವಿವರ 15 ಪೈಸೆಗೆ ಸಿಗುತ್ತದೆ. ಹಣ ವಾಪಸು ಪಡೆಯಲು ಓ.ಟಿ.ಪಿ. ಹೇಳಬೇಕಾದ ಅಗತ್ಯ ಎಂದೂ ಇಲ್ಲ. ಒಂದು ಅಂಗಡಿಯ ಪಾಸ್‌ವರ್ಡನ್ನು ಬ್ಯಾಂಕಿಗೆ, ಮಿಂಚಂಚೆಗೆ ಇಡಬಾರದು. ಅಡಿಕೆ, ಕಾಫಿಯ ಹಣ ಬೀಳುವ ಖಾತೆಯೇ ಬೇರೆ, ಫೋನಿನಲ್ಲಿ ಸಾಮಾನು ತರಿಸುವ ಸಣ್ಣ ಖಾತೆಯೇ ಬೇರೆ ಇರಲಿ. ಅಂಗಡಿಯವರು ಹುಟ್ಟಿದ ದಿನಾಂಕ ಕೇಳಿದರೆ, ಕಡ್ಡಾಯವಲ್ಲದಿದ್ದಲ್ಲಿ ಕೊಡಬೇಡಿ.

ಮೋಸವಾದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಗಿರಾಕಿಯ ತಪ್ಪಿಲ್ಲದೆ ಬೇರೆಡೆಯ ಸೋರಿಕೆಯಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗಿರಾಕಿಯದಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೇಳಿತು. ಓ.ಟಿ.ಪಿ.ಯನ್ನು ತಾನೇ ಹೇಳಿದವನಿಗೆ ಈ ರಕ್ಷಣೆ ಇಲ್ಲ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ನಮ್ಮ ಹಿರಿಯರಿಗೆ ಆದದ್ದು ಇದೇ.

ಕೊನೆಗೊಂದು ಮಾತು ನಮ್ಮ ಮನೆಯ ಬಗ್ಗೆ. ಸಂಘದ ಗಣಕಯಂತ್ರದಲ್ಲೂ ಸದಸ್ಯರ ಹೆಸರು, ಫೋನು, ಬ್ಯಾಂಕು ಖಾತೆ, ಪಹಣಿಯ ವಿವರಗಳಿವೆ. ದೊಡ್ಡ ಕಂಪೆನಿಗಳಿಗೆ ಹಾಕಿದ ನಾಲ್ಕು ಪ್ರಶ್ನೆಗಳನ್ನು ನಮಗೂ ಹಾಕಿಕೊಳ್ಳಬೇಕು. ಬೇಡದ್ದನ್ನು ಯಾಕೆ ಇಟ್ಟಿದ್ದೇವೆ? ಹೇಗೆ ಇಟ್ಟಿದ್ದೇವೆ? ಕೆಲಸ ಬಿಟ್ಟುಹೋದ ನೌಕರನ ಕೀಲಿ ಬದಲಾಗಿದೆಯೆ, ಯಂತ್ರ ನೋಡಿಕೊಳ್ಳುವ ಗುತ್ತಿಗೆದಾರನ ಬಳಿ ಏನೇನಿದೆ? ನಾಳೆ ಸೋರಿದರೆ ಸದಸ್ಯರಿಗೆ ಯಾರು, ಯಾವಾಗ ತಿಳಿಸುತ್ತಾರೆ? ಇವನ್ನು ಬರಲಿರುವ ಮಹಾಸಭೆಯಲ್ಲಿ ಕೇಳುವುದಾಗಿ ಆ ಹಿರಿಯ ಸದಸ್ಯರು ಹೇಳಿದ್ದಾರೆ. ಕೇಳಲಿ. ಆಡಳಿತ ಮಂಡಲಿ ಉತ್ತರ ಸಿದ್ಧಮಾಡಿಕೊಂಡು ಬರಬೇಕೆಂದು ನಾವೂ ಆಶಿಸುತ್ತೇವೆ.