ಬಳ್ಳಾರಿಯ ಮಗಳು ಜಯಂತಿ

ಮನೆತನದ ಹೆಣ್ಣುಮಗಳು ಮುಖಕ್ಕೆ ಬಣ್ಣ ಹಚ್ಚಬಹುದೇ ಎಂಬ ಚರ್ಚೆಯು ನಮ್ಮ ಸತ್ಯನಾರಾಯಣಪೇಟೆಯ ಜಗಲಿಗಳ ಮೇಲೆ ಆಗಾಗ್ಗೆ ನಡೆಯುವುದುಂಟು. ಇದರ ಉತ್ತರವು ನಮ್ಮೂರಿನಲ್ಲಿಯೇ ಇರುವುದು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಅಭಿನಯಿಸಬೇಕೆಂದು ವಾದಿಸಿದ ನಟವರ್ಯ ಬಳ್ಳಾರಿ ರಾಘವರು 1946ರಲ್ಲಿ ದಿವಂಗತರಾದರು. ಅದಕ್ಕೆ ಒಂದು ವರ್ಷ ಮುಂಚೆ, 1945ರಲ್ಲಿ, ಇದೇ ಬಳ್ಳಾರಿಯಲ್ಲಿ ಕಮಲಕುಮಾರಿಯೆಂಬ ಶಿಶುವಿನ ಜನನವಾಯಿತು.

ಈಕೆಯೇ ಜಯಂತಿ. ತಾಯಿಯೊಡನೆ ಮದರಾಸು ಸೇರಿ ನೃತ್ಯವನ್ನು ಕಲಿತ ಈಕೆ, 1963ರಲ್ಲಿ ವೈ. ಆರ್. ಸ್ವಾಮಿಯವರ ‘ಜೇನುಗೂಡು’ ಚಿತ್ರದಿಂದ ಕನ್ನಡ ಬೆಳ್ಳಿತೆರೆಗೆ ಬಂದರು. ರಾಜಕುಮಾರರ ಅನೇಕ ಚಿತ್ರಗಳಿಗೆ ನಾಯಿಕೆಯಾದರು. ಸಾಧ್ವಿಯರ ಪಾತ್ರಗಳಿಂದಲೇ ಕೀರ್ತಿಯನ್ನು ಕಾಯ್ದುಕೊಳ್ಳಬಹುದಾಗಿತ್ತು, ಹಾಗೆ ಮಾಡಲಿಲ್ಲ. 1965ರ ‘ಮಿಸ್ ಲೀಲಾವತಿ’ಯಲ್ಲಿ ಕಟ್ಟುಪಾಡನ್ನು ಮೀರುವ ತರುಣಿಯಾದರು. 1973ರಲ್ಲಿ ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದಲ್ಲಿ, ಯುದ್ಧದಲ್ಲಿ ಗಾಯಗೊಂಡ ಸೈನ್ಯಾಧಿಕಾರಿಯ ಪತ್ನಿ ಮಾಧವಿಯಾಗಿ, ಪತಿನಿಷ್ಠೆಗೂ ದೇಹಧರ್ಮಕ್ಕೂ ನಡುವೆ ಬೇಯುವ ಹೆಣ್ಣಿನ ಸಂಕಟವನ್ನು ಕಣ್ಣಿಗೆ ಕಟ್ಟಿಸಿದರು. ಆ ಅಭಿನಯಕ್ಕೆ ರಾಜ್ಯಪ್ರಶಸ್ತಿಯು ದೊರೆಯಿತು. 1985ರ ‘ಮಸಣದ ಹೂವು’ ಚಿತ್ರದಲ್ಲಿ ವೇಶ್ಯಾಗೃಹದ ಒಡತಿಯಾಗಲೂ ಹಿಂಜರಿಯಲಿಲ್ಲ.

ಸಂಸ್ಕೃತದಲ್ಲಿ ನಾಟಕದ ಪಾತ್ರಕ್ಕೂ ಅಡಿಗೆಮನೆಯ ಪಾತ್ರೆಗೂ ಶಬ್ದವು ಒಂದೇ. ಕಹಿಯನ್ನು ತುಂಬಿದ ಮಾತ್ರಕ್ಕೆ ಪಾತ್ರೆಯನ್ನು ಯಾರೂ ಎಸೆಯುವುದಿಲ್ಲ. ಬೆಳಗಿ ಮತ್ತೆ ಒಲೆಗೇರಿಸುವರು. ನಟಿಯ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುವೆವು.

‘ಅಭಿನಯ ಶಾರದೆ’ಯೆಂದು ಕನ್ನಡಿಗರು ಕೊಂಡಾಡಿದ ಜಯಂತಿಯವರು 2021ರ ಜುಲೈ 26ರಂದು ಬೆಂಗಳೂರಿನಲ್ಲಿ ಕಾಲವಶರಾದರು. ಮನೆಯ ಹುಡುಗಿಯೊಬ್ಬಳು ನಾಟಕದಲ್ಲಿ ಅಭಿನಯಿಸುವೆನೆಂದಾಗ, ಗೃಹಸ್ಥರು ಬೇಡವೆನ್ನುವ ಮೊದಲು ಈ ಬಳ್ಳಾರಿಯ ಮಗಳನ್ನು ಒಮ್ಮೆ ನೆನೆಯಲಿ.